ಮಸರಕಲ್ಲಿನ ಯಶೋಧಾ ಕಟ್ಟಿದ ಸರಗಳು

ಒಂದು ಕಾಲಕ್ಕೆ ಮಸರಕಲ್ಲಿನಲ್ಲಿ ಯಂಕೋಬನ ಮನೆ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ಮನೆ ಮುಂದಿನ ಬೇವಿನ ಮರದ ಟೊಂಗೆಗಳಿಗೆ ಕೆಂಪು, ಹಳದಿ, ಕರಿ ಬಣ್ಣದ ಹುರಿಗಳು ಒಣಗಲು ಜೋತುಬಿದ್ದಿರುತ್ತಿದ್ದವು. ಎತ್ತಿನ ಕೊರಳಿಗೆ ಗೆಜ್ಜೆಸರ, ಹಣೆಗೆ ಕವಡೆ ಹೊಲಿದ ಪಟ್ಟಿ, ಕೋಡಿಗೆ ಗೊಂಡೆ, ಮೂಗಿಗೆ ದಾರ, ಹೀಗೆ ಎತ್ತನ್ನು ಸಿಂಗರಿಸಲು ಏನೇನು ಬೇಕೋ ಅಷ್ಟನ್ನೂ ಅವನು ಕೈಯಲ್ಲೇ ಕಟ್ಟುತ್ತಿದ್ದ. ಅವನಪ್ಪನ ಕೆಲಸವೂ ಅದೇ, ಅಜ್ಜನ ಕೆಲಸವೂ ಅದೇ. ಎತ್ತುಗಳ ಹಬ್ಬವಾದ ಕಾರಹುಣ್ಣಿಮೆ ಹತ್ತಿರ ಬಂತೆಂದರೆ ದೇವದುರ್ಗದ ಸಂತೆಯಲ್ಲೂ ಮಾನ್ವಿಯ ಸಂತೆಯಲ್ಲೂ ಅವನ ಗೋಣಿತಟ್ಟಿನ ಸುತ್ತ ರೈತರು ಮುಕುರುತ್ತಿದ್ದರು. ಮಧ್ಯಾಹ್ನದೊಳಗೆ ತಟ್ಟು ಬರಿದಾಗಿ, ಅದನ್ನೇ ಹಾಸಿಕೊಂಡು ಒಂದು ನಿದ್ದೆ ತೆಗೆದು ಅವನು ಊರಿಗೆ ಮರಳುತ್ತಿದ್ದ.

ಯಂಕೋಬ ತನ್ನ ಇಬ್ಬರು ಗಂಡುಮಕ್ಕಳಿಗೆ ಈ ಕೆಲಸ ಕಲಿಸಲು ಬಹಳ ಹೆಣಗಿದ. ಒಬ್ಬನೂ ಹತ್ತು ನಿಮಿಷ ಕೂತಲ್ಲಿ ಕೂರಲಿಲ್ಲ. ಮಗಳು ಯಶೋಧಾ ಕರೆಯದೆಯೇ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಅವಳಿಗೆ ಮಾತ್ರ ಅವನು ಕಲಿಸಲಿಲ್ಲ.

"ಹುರಿ ಬಿಗೀಬೇಕಂದ್ರ ರಟ್ಟಿಯಾಗ ಕಸುವು ಬೇಕವ್ವ. ನಿನ್ನ ಕೈಲಿ ಆಗಂಗಿಲ್ಲ. ಹೋಗು, ನೀರು ತುಂಬು" ಎನ್ನುತ್ತಿದ್ದ.

ಯಶೋಧಾ ನೀರು ತುಂಬಿದಳು. ತುಂಬಿ ಬಂದು, ರಿಪೇರಿಗೆಂದು ರೈತರು ಎಸೆದು ಹೋದ ಹಳೆಯ ಸರಗಳ ಗುಡ್ಡೆಯಲ್ಲಿ ಒಂದನ್ನು ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದಳು. ಅಲ್ಲಿ ಕೂತು ಅದರ ಗಂಟುಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು. ಹುರಿ ಎಲ್ಲಿ ಒಳಗೆ ಹೋಯಿತು, ಯಾವುದರ ಮೇಲೆ ಹಾಯಿತು, ಎಲ್ಲಿ ತಿರುಗಿತು ಎಂದು ನೋಡಿಕೊಂಡು ಮತ್ತೆ ಅದೇ ದಾರಿಯಲ್ಲಿ ಕಟ್ಟುತ್ತಿದ್ದಳು. ಅಪ್ಪನ ಕೈ ಏನು ಮಾಡುತ್ತದೆ ಎಂಬುದನ್ನು ಹೀಗೆ ಹಿಂದುಮುಂದಾಗಿ ಕಲಿತಳು. ಏಳನೆಯ ಇಯತ್ತೆಗೆ ಶಾಲೆ ಮುಗಿದಿತ್ತು. ಈ ಕಲಿಕೆ ಅಲ್ಲಿಂದ ಶುರುವಾಯಿತು.

ಅವಳಿಗೆ ಹದಿನೈದು ತುಂಬಿದ ವರ್ಷ ಒಂದು ತಮಾಷೆ ನಡೆಯಿತು. ಸಂತೆಗೆ ಹೊರಟ ಯಂಕೋಬ ಸರಗಳನ್ನು ಗಂಟು ಕಟ್ಟುತ್ತಾ ಒಂದನ್ನು ಕೈಯಲ್ಲಿ ಹಿಡಿದು ತಿರುವಿ ತಿರುವಿ ನೋಡಿದ.

"ಇದನ್ನ ನಾ ಯಾವಾಗ ಕಟ್ಟಿದೆ?" ಎಂದು ತನ್ನಷ್ಟಕ್ಕೆ ಕೇಳಿಕೊಂಡ. "ಭಾಳ ಛಲೋ ಬಂದದ."

ಒಳಗೆ ರೊಟ್ಟಿ ತಟ್ಟುತ್ತಿದ್ದ ಬಸ್ಸಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಮಗಳು ಕಟ್ಟಿದ್ದೆಂದು ತಾಯಿಗೆ ಗೊತ್ತಿತ್ತು. ಯಶೋಧಾ ತಲೆ ಎತ್ತಲಿಲ್ಲ. ಆ ಸರ ಅವತ್ತು ದೇವದುರ್ಗದಲ್ಲಿ ಎಲ್ಲಕ್ಕಿಂತ ಮೊದಲು ಹೋಯಿತು.

ಹತ್ತೊಂಬತ್ತಕ್ಕೆ ಅವಳ ಮದುವೆಯಾಯಿತು. ಗಂಡ ದುರುಗೇಶ ರಾಯಚೂರಿನ ಲಿಂಗಸುಗೂರು ರಸ್ತೆಯ ಗ್ಯಾರೇಜೊಂದರಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್. ಹುಡುಗ ಒಳ್ಳೆಯವನು, ಕುಡಿತವಿಲ್ಲ, ಕೈಯಲ್ಲಿ ಕೆಲಸವಿದೆ ಎಂದು ಯಂಕೋಬನೇ ಮುಂದೆ ನಿಂತು ಒಪ್ಪಿದ್ದ. ಆದರೆ ಮುಂದಿನ ವರ್ಷಗಳಲ್ಲಿ ಊರಿನ ಕೊಟ್ಟಿಗೆಗಳು ಒಂದೊಂದಾಗಿ ಖಾಲಿಯಾಗಿ, ಅಂಗಳಗಳಿಗೆ ಟ್ರ್ಯಾಕ್ಟರ್ ಬಂದು ನಿಂತಾಗ, "ನನ್ನ ಕೆಲಸಾ ತಿಂದವನಿಗೇ ಮಗಳನ್ನ ಕೊಟ್ಟೆ ನೋಡು" ಎಂದು ಅಳಿಯನ ಎದುರಿಗೇ ಹೇಳುತ್ತಿದ್ದ. ದುರುಗೇಶ ನಗುತ್ತಿದ್ದ. ಮಾವನ ಮಾತಿನಲ್ಲಿ ಸಿಟ್ಟು ಎಷ್ಟು, ನಗೆ ಎಷ್ಟು ಎಂದು ಅವನಿಗೆ ಕಡೆಗೂ ಅಂದಾಜು ಸಿಗಲಿಲ್ಲ.

ರಾಯಚೂರಿನ ಮಂಗಳವಾರ ಪೇಟೆಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಯಶೋಧಾ ಹತ್ತು ಹನ್ನೆರಡು ವರ್ಷ ಹುರಿ ಮುಟ್ಟಲಿಲ್ಲ. ಎರಡು ಮಕ್ಕಳನ್ನು ಬೆಳೆಸಿದಳು, ಬ್ಲೌಸ್ ಹೊಲಿದಳು, ಅಕ್ಕಪಕ್ಕದವರಿಗೆ ಶೇಂಗಾ ಚಟ್ನಿಪುಡಿ ಮಾಡಿಕೊಟ್ಟಳು. ಮತ್ತೆ ಹುರಿ ಹಿಡಿಯುವಂತೆ ಮಾಡಿದ್ದು ಅವಳ ಕುತ್ತಿಗೆಯ ತುರಿಕೆ. ಪೇಟೆಯಲ್ಲಿ ಸಿಗುವ ಹೊಳೆಯುವ ಸರ ಯಾವುದನ್ನು ಹಾಕಿಕೊಂಡರೂ ಸಂಜೆಯೊಳಗೆ ಚರ್ಮ ಕೆಂಪೇರಿ ಗುಳ್ಳೆ ಏಳುತ್ತಿತ್ತು. ಓಣಿಯಲ್ಲೊಂದು ಮದುವೆ. ಬಂಗಾರ ಅಂದರೆ ತಾಳಿಯ ಎರಡು ಗುಂಡು ಅಷ್ಟೇ. ಬರಿ ಕೊರಳಲ್ಲಿ ಹೋಗಲು ಮನಸ್ಸಾಗದೆ, ತವರಿನಿಂದ ಯಾವತ್ತೋ ತಂದಿಟ್ಟಿದ್ದ ಕರಿ ಹುರಿಯಲ್ಲಿ ಒಂದು ಸರ ಕಟ್ಟಿದಳು. ನಡುವೆ ಐದು ಕವಡೆ, ಕೆಳಗೆ ಮೂರು ಸಣ್ಣ ಹಿತ್ತಾಳೆ ಗೆಜ್ಜೆ.

ಮದುವೆಗೆ ಮುಂಚೆ ಬಳೆ ಇಡಿಸಿಕೊಳ್ಳಲು ತೀನ್ ಕಂದೀಲ್ ವೃತ್ತದ ಹತ್ತಿರದ ನಿಗಾರಳ ಅಂಗಡಿಗೆ ಹೋದಳು. ಗಂಡನ ಕಾಲಾನಂತರ ಬಳೆ ಅಂಗಡಿಯನ್ನು ಒಬ್ಬಳೇ ನಡೆಸುತ್ತಿದ್ದ ನಿಗಾರ್ ಗಟ್ಟಿ ಗಂಟಲಿನ, ಹರಿತ ಕಣ್ಣಿನ ಹೆಂಗಸು. ಬಳೆ ಏರಿಸುತ್ತಿದ್ದ ಅವಳ ಕೈ ನಡುವೆಯೇ ನಿಂತಿತು.

"ಅರೆ, ಇದು ಎಲ್ಲಿ ತಗೊಂಡಿ?"

"ನಾನೇ ಕಟ್ಟೀನಿ ಆಪಾ."

"ಸುಳ್ಳು ಹೇಳಬ್ಯಾಡ."

"ಸುಳ್ಳ್ಯಾಕ ಹೇಳ್ಲಿ. ನಮ್ಮಪ್ಪ ಎತ್ತಿಗಿ ಕಟ್ತಾನ, ನಾ ನನಗ ಕಟ್ಟಿಕೊಂಡೀನಿ."

ನಿಗಾರ್ ಅಂಗಡಿ ತುಂಬ ಕೇಳುವಂತೆ ನಕ್ಕಳು. ಆಮೇಲೆ, "ಇಂಥಾವು ಐದು ಕಟ್ಟಿಕೊಡು. ಕಣ್ಣಿಗಿ ಬೀಳೋ ಜಾಗದಾಗ ತೂಗಹಾಕ್ತೀನಿ" ಎಂದಳು.

ಮೊದಲ ಐದು ಯಾರಿಗೂ ಬೇಡವಾದವು. ಯಶೋಧಾ ಅಪ್ಪನ ಅಳತೆಯಲ್ಲೇ ದಪ್ಪಗೆ ಕಟ್ಟಿದ್ದಳು. ನಿಗಾರ್ ಒಂದನ್ನು ತಾನೇ ಹಾಕಿಕೊಂಡು ಕನ್ನಡಿ ನೋಡಿ, "ಇದನ್ನ ಹಾಕ್ಕೊಂಡ್ರ ಹೊಲಕ್ಕ ಹೋಗಿ ಗಳೆ ಹೊಡೀಬೇಕು ಅನಸ್ತದ" ಎಂದಳು. ಯಶೋಧಾಳಿಗೆ ನಗು ಬಂದರೂ ಮಾತು ಒಳಗೆ ನಾಟಿತು. ಅಂದಿನಿಂದ ಅವಳು ಬಸ್ಸಿನಲ್ಲಿ, ನಲ್ಲಿಯ ಸರದಿಯಲ್ಲಿ, ಆಸ್ಪತ್ರೆಯ ಬೆಂಚಿನಲ್ಲಿ ಹೆಂಗಸರ ಕೊರಳನ್ನೇ ನೋಡತೊಡಗಿದಳು. ಉದ್ದ ಕೊರಳಿಗೆ ಯಾವುದು ಕೂರುತ್ತದೆ, ತುಂಬಿದ ಕೊರಳಿಗೆ ಎಲ್ಲಿ ಇಳಿಬಿಡಬೇಕು, ರವಿಕೆಯ ಅಂಚಿಗೂ ಸರಕ್ಕೂ ನಡುವೆ ಎಷ್ಟು ಚರ್ಮ ಕಾಣಬೇಕು. ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ಮಕ್ಕಳ ಪೆನ್ಸಿಲಿನಿಂದ ಬರೆದು, ಅಳಿಸಿ, ಮತ್ತೆ ಬರೆದಳು. ಹುರಿಯನ್ನು ಬಿಚ್ಚಿ ಮೂರು ಎಳೆಗೆ ಇಳಿಸಿದಳು. ಗೆಜ್ಜೆಗಳು ಕ್ಲಾಸಿನಲ್ಲಿ ಸದ್ದು ಮಾಡುತ್ತವೆ ಎಂದು ಕಾಲೇಜು ಹುಡುಗಿಯರು ದೂರಿದಾಗ ಏಳು ಗೆಜ್ಜೆಗಳಲ್ಲಿ ಆರರೊಳಗಿನ ಗುಂಡು ತೆಗೆದು ಒಂದನ್ನು ಮಾತ್ರ ಉಳಿಸಿದಳು. ತಲೆ ತಿರುಗಿಸಿದಾಗ ಮಾತ್ರ ಒಂದು ಸಣ್ಣ 'ಝಣ್' ಕೇಳುತ್ತಿತ್ತು. ಆ ಸರ ಹುಡುಗಿಯರಿಗೆ ಹುಚ್ಚು ಹಿಡಿಸಿತು. ನಿಗಾರಳ ಅಂಗಡಿಯ ಒಂದು ಗೋಡೆ ಪೂರ್ತಿ ಯಶೋಧಾಳದಾಯಿತು.

ಸುದ್ದಿ ಮಸರಕಲ್ಲಿಗೆ ಮುಟ್ಟಿದಾಗ ಯಂಕೋಬ ಉರಿದುಬಿದ್ದ. ಹಬ್ಬಕ್ಕೆ ಬಂದ ಮಗಳ ಕೊರಳಲ್ಲಿ ಕವಡೆ ಸರ ನೋಡಿ, "ಎತ್ತಿಂದು ಎತ್ತಿಗಿರ್ಲಿ" ಎಂದು ಎದ್ದು ಹೊರಗೆ ಹೋದ. ಹೆಣ್ಣುಮಕ್ಕಳ ಕೊರಳಿಗೆ ಇದು ಅವಮಾನವೆಂದು ಅಪ್ಪ ಸಿಟ್ಟಾದನೆಂದೇ ಯಶೋಧಾ ಮೊದಲು ತಿಳಿದಿದ್ದಳು. ಅದು ಹಾಗಲ್ಲವೆಂದು ತಾಯಿ ಬಿಡಿಸಿ ಹೇಳಿದಳು: ವರ್ಷವಿಡೀ ದುಡಿದ ಎತ್ತಿಗೆ ಒಂದು ದಿನ ಸಿಗುವ ಮರ್ಯಾದೆಯನ್ನು ಕಸಿದು ಪೇಟೆಯ ಹುಡುಗಿಯರಿಗೆ ಮಾರುತ್ತಿದ್ದೀಯಲ್ಲ ಎಂಬುದು ಅವನ ನೋವು. ಅಪ್ಪ ಮಗಳ ನಡುವೆ ಸರದ ಮಾತು ನಿಂತಿತು. ಉಳಿದ ಮಾತು ಇತ್ತು: ಮಳೆ, ಮೊಮ್ಮಕ್ಕಳು, ಮೊಣಕಾಲು ನೋವು.

ಆದರೂ ಹುರಿ ಮಾತ್ರ ಬರುತ್ತಲೇ ಇತ್ತು. ಬಸ್ಸಮ್ಮ ಮಗಳ ಮನೆಗೆ ಬಂದಾಗಲೆಲ್ಲ ಜೋಳದ ಹಿಟ್ಟಿನ ಚೀಲದ ತಳದಲ್ಲಿ ನಾಲ್ಕಾರು ಲಡಿ ಹುರಿ ಅಡಗಿಸಿ ತರುತ್ತಿದ್ದಳು. ಅಟ್ಟದ ಪೆಟ್ಟಿಗೆಯಲ್ಲಿ ಯಂಕೋಬನ ಹಳೆಯ ಹುರಿ ಬಿದ್ದಿದೆ, ಅವನಿಗೆ ಲೆಕ್ಕ ತಿಳಿಯುವುದಿಲ್ಲ ಎನ್ನುತ್ತಿದ್ದಳು. ಹಾಗೆ ಎಂಟೊಂಬತ್ತು ವರ್ಷ ಯಶೋಧಾ ಕಟ್ಟಿದ ಸರಗಳೆಲ್ಲ ಅಪ್ಪ ಬಣ್ಣ ಹಾಕಿದ ಹುರಿಯಲ್ಲೇ ಆದವು. ಒಂದೂ ಬಣ್ಣ ಬಿಟ್ಟ ದೂರು ಬರಲಿಲ್ಲ. ಹುರಿ ಅಂದರೆ ಬಣ್ಣ ಬಿಡುವುದಿಲ್ಲ ಎಂದೇ ಅವಳು ಅಂದುಕೊಂಡಿದ್ದಳು.

ಕಳೆದ ಬೇಸಿಗೆಯಲ್ಲಿ ಆ ನಂಬಿಕೆ ಕಳಚಿತು.

ಕೃಷಿ ಕಾಲೇಜಿನಲ್ಲಿ ಓದುತ್ತಿದ್ದ ಶೈಲಶ್ರೀ ಎಂಬ ಹುಡುಗಿ ನಿಗಾರಳ ಅಂಗಡಿಯ ಹಳೆಯ ಗಿರಾಕಿ. ಮದುವೆ ಗೊತ್ತಾದ ಮೇಲೆ ತಾಯಿಯನ್ನು ಕರೆದುಕೊಂಡು ಬಂದಳು. ತಾಯಿ ಶಿವಬಸಮ್ಮ ಮಾನ್ವಿಯವರು, ಸ್ವಂತ ಅಕ್ಕಿ ಗಿರಣಿ. ಹಣೆತುಂಬ ವಿಭೂತಿ, ಮಾತು ಕಡಿಮೆ. ಸರವನ್ನು ಬೆರಳ ನಡುವೆ ಉಜ್ಜಿ ನೋಡಿ, "ಇದು ಎತ್ತಿನ ಕೊರಳಾಗಿಂದು ಹೌದಲ್ಲ?" ಎಂದು ಕೇಳಿದರು.

ಯಶೋಧಾ ತಲೆಯಾಡಿಸಿದಳು. "ಹೌದ್ರಿ ಅಕ್ಕಾರ."

"ಬಸವಣ್ಣನ ಕೊರಳಾಗಿಂದು ನನ್ನ ಮಗಳ ಕೊರಳಾಗ ಬಿದ್ರ ಕಡಿಮಿ ಏನು? ಕಟ್ಟು."

ಮದುಮಗಳಿಗೊಂದು ದೊಡ್ಡ ಸರ, ನೆಂಟರ ಪೈಕಿ ಮೂವತ್ತು ಹೆಣ್ಣುಮಕ್ಕಳಿಗೆ ಒಂದೇ ಥರದ ಸಣ್ಣ ಸರ. ಮೂವತ್ತೂ ಜನರಿಗೆ ಕೆಂಪಂಚಿನ ಹಾಲುಬಣ್ಣದ ರೇಷ್ಮೆ ಸೀರೆ, ಅದಕ್ಕೆ ಒಪ್ಪುವಂತೆ ಕೆಂಪು ಹುರಿ. ಯಶೋಧಾ ಇಷ್ಟು ದೊಡ್ಡ ಕೆಲಸ ಹಿಡಿದದ್ದು ಅದೇ ಮೊದಲು. ಇಷ್ಟು ಹುರಿಯನ್ನು ಹಿಟ್ಟಿನ ಚೀಲದಲ್ಲಿ ಅಡಗಿಸಿ ತರಲು ಬಸ್ಸಮ್ಮನಿಂದ ಆಗದು. ಹೈದರಾಬಾದಿನಿಂದ ಬಂದ ಸಿದ್ಧ ಹುರಿ ಪೇಟೆಯಲ್ಲಿ ಸಿಕ್ಕಿತು. ಕೆಂಪೆಂದರೆ ಕೆಂಡದಂಥ ಕೆಂಪು. ಅದನ್ನೇ ತಂದು ಮನೆಗೆಲಸದ ನಡುವೆ ಎರಡು ವಾರ ಕೂತು ಕಟ್ಟಿ, ಮದುವೆಗೆ ಹನ್ನೆರಡು ದಿನ ಮುಂಚೆಯೇ ಮಾನ್ವಿಗೆ ತಲುಪಿಸಿ ನಿಟ್ಟುಸಿರು ಬಿಟ್ಟಳು.

ಉಳಿದ ಹುರಿಯಲ್ಲಿ ತನಗೊಂದು ಸರ ಕಟ್ಟಿಕೊಂಡಿದ್ದಳು. ಐದು ದಿನ ಕಳೆದು, ನಲವತ್ತಮೂರು ಡಿಗ್ರಿ ಬಿಸಿಲಿನಲ್ಲಿ ಗಂಜ್ ಮಾರುಕಟ್ಟೆಯಿಂದ ನಡೆದು ನಿಗಾರಳ ಅಂಗಡಿಗೆ ಬಂದಾಗ ನಿಗಾರ್ ಚೀರಿದಳು.

"ಯಾ ಅಲ್ಲಾ! ಕುತ್ತಿಗಿಗಿ ಏನಾತು? ಗಾಯಾ?"

ಯಶೋಧಾ ಕೊರಳಿಗೆ ಕೈ ಹಚ್ಚಿ ನೋಡಿದಳು. ಬೆರಳು ಕೆಂಪಾಗಿದ್ದವು. ರವಿಕೆಯ ಅಂಚು ಕೆಂಪು, ಸೆರಗಿನ ಮೇಲೆ ಕೆಂಪು ಗೆರೆ. ಬೆವರಿನೊಂದಿಗೆ ಬಣ್ಣ ಇಳಿಯುತ್ತಿತ್ತು.

ಅಂಗಡಿಯ ಹಿಂದಿನ ಬಕೆಟಿನಲ್ಲಿ ಸರವನ್ನು ಅದ್ದಿದಳು. ನೀರು ಗಳಿಗೆಯಲ್ಲಿ ಕುಂಕುಮ ಕದಡಿದಂತಾಯಿತು. ಹಾಲುಬಣ್ಣದ ಮೂವತ್ತು ರೇಷ್ಮೆ ಸೀರೆಗಳು ಅವಳ ಕಣ್ಣ ಮುಂದೆ ಬಂದವು. ಮೇ ತಿಂಗಳ ಮದುವೆ. ಬೆವರದೆ ಇರುವವರು ಯಾರು? ಅಲ್ಲೇ ಬಳೆಯ ಡಬ್ಬಿಗಳ ನಡುವೆ ಕೂತಳು. ಕಲ್ಯಾಣ ಮಂಟಪದಲ್ಲಿ ಕೂಲರ್ ಇರುತ್ತವೆ, ಯಾರಿಗೂ ತಿಳಿಯಲಿಕ್ಕಿಲ್ಲ ಎಂದು ಒಂದು ಕ್ಷಣ ಮನಸ್ಸು ಪುಸಲಾಯಿಸಿತು. ಆ ಯೋಚನೆಗೆ ತಾನೇ ನಾಚಿದಳು.

ಮನೆಗೆ ಬಂದು ಗಂಡನಿಗೆ ಹೇಳಿದಳು. ದುರುಗೇಶ ಗ್ರೀಸಿನ ಕೈ ಒರೆಸಿಕೊಳ್ಳುತ್ತಾ, "ಗಾಡಿ ಬ್ರೇಕ್ ಹೋಗ್ಯಾವಂತ ಗೊತ್ತಾದ ಮ್ಯಾಲ ಸುಮ್ಮ ಕುಂದ್ರಾಕ ಬರ್ತದೇನು? ನಾಳಿ ಮುಂಜಾನಿ ಹೋಗಿ ಹೇಳಿ ಬಾ" ಎಂದ.

ಮರುದಿನ ಬೆಳಗಿನ ಬಸ್ಸಿಗೆ ಮಾನ್ವಿಗೆ ಹೋದಳು. ಗಿರಣಿಗೆ ಹೊಂದಿಕೊಂಡೇ ಮನೆ. ಅಂಗಳದಲ್ಲಿ ಹಪ್ಪಳ ಒಣಗುತ್ತಿದ್ದವು, ಹಂದರದ ಕಂಬ ನೆಡುತ್ತಿದ್ದರು. ಶಿವಬಸಮ್ಮನ ಎದುರು ನಿಂತು, ನೀರು ತರಿಸಿ, ತನ್ನ ಸರವನ್ನು ಬಟ್ಟಲಿಗೆ ಅದ್ದಿ ತೋರಿಸಿದಳು. ಬಟ್ಟಲು ಕೆಂಪಾಯಿತು.

ಶಿವಬಸಮ್ಮ ಬಟ್ಟಲನ್ನು ಎತ್ತಿ ನೋಡಿದರು.

"ಇದನ್ನ ಯಾರು ನೋಡಿ ಹೇಳಿದ್ರು?"

"ಯಾರೂ ಇಲ್ರಿ. ನನ್ನ ಕುತ್ತಿಗಿ ಮ್ಯಾಲೇ ಇಳೀತು. ತಪ್ಪು ನಂದೈತ್ರಿ. ನೋಡಿ ತರಬೇಕಿತ್ತು, ತರಲಿಲ್ಲ."

"ಬೀಗರಿಗಿ ಫೋಟೋ ಕಳಿಸೀವಿ. ಅವರ ಮನಿ ಹೆಣ್ಮಕ್ಕಳೂ ಕೇಳ್ಯಾರ." ಅವರ ದನಿ ಏರಿತು. "ಈಗ ಬ್ಯಾಡಂದ್ರ ಏನಂತ ಹೇಳ್ಲಿ? ಇನ್ನ ಆರು ದಿನಾ ಅದ. ಸರಿ ಮಾಡಾಕ ಆಗ್ತದೋ ಇಲ್ಲೋ?"

"ನಮ್ಮಪ್ಪಗ ಕೇಳಿ ಹೇಳ್ತೀನ್ರಿ."

ಬಾಯಿಂದ ಬಿದ್ದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ಅಷ್ಟು ವರ್ಷ ಆಡದ ಮಾತು.

ಮಾನ್ವಿಯಿಂದ ಸಿರವಾರ ಹಾದು ದೇವದುರ್ಗ, ಅಲ್ಲಿ ಬಸ್ ಬದಲಿಸಿ ಮಸರಕಲ್. ದಾರಿಯುದ್ದಕ್ಕೂ ಶಿವಬಸಮ್ಮನಿಂದ ವಾಪಸು ಪಡೆದ ಸರಗಳ ಚೀಲವನ್ನು ಮಡಿಲಲ್ಲಿ ಹಿಡಿದು ಕೂತಿದ್ದಳು. ಅಪ್ಪ ಎದ್ದು ಹೋದರೆ ಮುಂದೇನು ಎಂದು ಯೋಚಿಸಿ ಯೋಚಿಸಿ ತಲೆ ಬೇಯುತ್ತಿತ್ತು. ಯಂಕೋಬ ಬೇವಿನ ಮರದ ಕೆಳಗೆ ಹಗ್ಗದ ಮಂಚದ ಮೇಲಿದ್ದ. ಎಪ್ಪತ್ತು ದಾಟಿದ ಮುದುಕ, ಕಣ್ಣಿಗೆ ದಪ್ಪ ಕನ್ನಡಕ.

"ಯಪ್ಪಾ," ಎಂದಳು, "ಬಣ್ಣ ಬಿಡಾಕತ್ತದ." ಬೇರೆ ಪೀಠಿಕೆ ಏನೂ ಹೊಳೆಯಲಿಲ್ಲ. ಸರವನ್ನು ಅವನ ಕೈಗಿಟ್ಟಳು.

ಅವನು ಎದ್ದು ಹೋಗಲಿಲ್ಲ. ಸರವನ್ನು ಕಣ್ಣ ಹತ್ತಿರ ಹಿಡಿದು, ಮುಂಬದಿ ನೋಡುವ ಬದಲು ಮೊದಲು ಹಿಂಬದಿ ತಿರುಗಿಸಿದ. ಗಂಟುಗಳ ಮೇಲೆ ಹೆಬ್ಬೆರಳು ಆಡಿಸಿದ.

"ಹಿಂದಿನ ಗಂಟು ಕಾಣದಂಗ ಮುಚ್ಚೀಯಲ್ಲ. ನನಗ ಇದು ಬರಂಗಿಲ್ಲ" ಎಂದ. ಆಮೇಲೆ, "ಹುರಿ ಎಲ್ಲಿದು?"

"ಪ್ಯಾಟಿದು."

"ನನ್ನ ಹುರಿ ಯಾಕ ತರಿಸಲಿಲ್ಲ?"

ಯಶೋಧಾ ಬಾಗಿಲ ಕಡೆ ನೋಡಿದಳು. ಹೊಸ್ತಿಲಲ್ಲಿ ನಿಂತಿದ್ದ ಬಸ್ಸಮ್ಮನ ಮುಖ ಬಿಳಿಚಿಕೊಂಡಿತ್ತು.

"ನೀವಿಬ್ಬರೂ ನನ್ನ ಏನಂತ ತಿಳಕೊಂಡೀರಿ?" ಎಂದ ಯಂಕೋಬ. "ಊರಾಗ ನಾಕು ಜೋಡಿ ಎತ್ತು ಉಳದಿಲ್ಲ. ಪೆಟಿಗ್ಯಾಗಿನ ಹುರಿ ತೀರಿ ಯಾವ ಕಾಲ ಆತು! ವರ್ಷಾ ವರ್ಷಾ ಕೂತು ಬಣ್ಣ ಹಾಕಿ ಅಟ್ಟಕ್ಕ ಇಡಾಕತ್ತೀನಲ್ಲ, ಯಾರಿಗಿ ಅಂತ?"

ಬಸ್ಸಮ್ಮ ಒಳಗೆ ಹೋಗಿ ಸುಮ್ಮನೆ ಪಾತ್ರೆ ಸರಿಸಿದ ಸದ್ದು ಬಂತು.

"ಮತ್ತ ಸಿಟ್ಟಾಗಿದ್ದಿ..." ಎಂದಳು ಯಶೋಧಾ.

"ಆಗಿದ್ದೆ. ಎತ್ತು ಇದ್ದಾಗ ಆಗಿದ್ದೆ. ಈಗ ಎತ್ತೇ ಇಲ್ಲ, ಯಾರ ಪರ ಸಿಟ್ಟಾಗ್ಲಿ?" ಅವನು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದ. "ನೀ ಬಂದು ಕೇಳ್ತಿ ಅಂತ ಇದ್ದೆ. ನೀ ಕೇಳಲಿಲ್ಲ, ನಾ ಹೇಳಲಿಲ್ಲ. ಬಿಡು. ಮದುವಿ ಯಾವತ್ತದ?"

ಯಶೋಧಾ ಹೇಳಿದಳು. ಹೊಸ ಹುರಿಗೆ ಬಣ್ಣ ಹಾಕಿ ಪಳಗಿಸಲು ಹದಿನೈದು ದಿನ ಬೇಕು, ಅದು ಆಗದ ಮಾತು ಎಂದ ಯಂಕೋಬ. ಅಟ್ಟದಲ್ಲಿರುವ ಕೆಂಪು ಹುರಿ ಆರೇಳು ಸರಕ್ಕೆ ಸಾಕಾದರೆ ಹೆಚ್ಚು. ಎಲ್ಲ ಸರ ಒಂದೇ ಬಣ್ಣ ಇರಬೇಕಾದರೆ ಇರುವುದು ಒಂದೇ ದಾರಿ. ಸರಗಳನ್ನೆಲ್ಲ ಬಿಚ್ಚಿ ಹುರಿಯನ್ನು ಕುದಿಸಬೇಕು. ಅಂಟಿಕೊಳ್ಳದೆ ಮೇಲೆ ಕೂತಿರುವ ಬಣ್ಣ ಅಷ್ಟೂ ಇಳಿದು, ನೀರು ತಿಳಿಯಾಗುವ ತನಕ ಕುದಿಸುತ್ತಲೇ ಇರಬೇಕು. ಆಮೇಲೆ ಪಟಿಕದ ನೀರಲ್ಲಿ ನೆನೆಹಾಕಿ ನೆರಳಲ್ಲಿ ಒಣಗಿಸಬೇಕು.

"ಅಷ್ಟು ದೊಡ್ಡ ಹಂಡೆ ನಿನ್ನ ಮನ್ಯಾಗ ಅದ ಏನು?"

ಯಶೋಧಾಳಿಗೆ ಮಾನ್ವಿಯ ಗಿರಣಿ ನೆನಪಾಯಿತು. ಭತ್ತ ಬೇಯಿಸುವ ಬಾಯ್ಲರ್, ಹೊಟ್ಟಿನ ಬೆಂಕಿ, ಮೂರು ಹೊತ್ತೂ ಕುದಿಯುವ ನೀರು. ಫೋನ್ ಹಚ್ಚಿದಳು. ಆ ತುದಿಯಲ್ಲಿ ಶಿವಬಸಮ್ಮ ಪೂರ್ತಿ ಕೇಳಿಸಿಕೊಂಡು, "ನಿಮ್ಮಪ್ಪಗ ಕರ್ಕೊಂಡು ಬಾ. ಊಟಾ ನಮ್ಮನ್ಯಾಗ" ಎಂದಷ್ಟೇ ಹೇಳಿ ಇಟ್ಟರು.

ಮರುದಿನ ಅಪ್ಪ ಮಗಳು ಗಿರಣಿಯ ಹಿಂದಿನ ಪಡಸಾಲೆಯಲ್ಲಿ ಗೋಣಿಚೀಲ ಹಾಸಿ ಕೂತರು. ಮೊದಲ ದಿನ ಬಿಚ್ಚುವ ಕೆಲಸ. ಕವಡೆ ಒಂದು ಕಡೆ, ಗೆಜ್ಜೆ ಒಂದು ಕಡೆ. ಮೂವತ್ತೊಂದು ಸರ ಬಿಚ್ಚುವುದು ಯಶೋಧಾಳಿಗೆ ಕಟ್ಟಿದ್ದಕ್ಕಿಂತ ಕಷ್ಟವಾಯಿತು. ಎರಡು ವಾರದ ಕೆಲಸ ಸಂಜೆಯೊಳಗೆ ಬರಿ ಹುರಿಯಾಗಿ ಬಿತ್ತು. ಬಾಯ್ಲರ್ ನೋಡಿಕೊಳ್ಳುತ್ತಿದ್ದ ಹುಲಗಪ್ಪ, ನಡುವಯಸ್ಸಿನ ಮನುಷ್ಯ, ದೊಡ್ಡ ಅಲ್ಯೂಮಿನಿಯಂ ಪಾತ್ರೆಯೊಂದನ್ನು ತೊಳೆದು ಕುದಿನೀರು ತುಂಬಿಸಿಕೊಟ್ಟ. ಮೊದಲ ನೀರು ರಕ್ತದಂತೆ ಬಂತು. ಚೆಲ್ಲಿದರು. ಎರಡನೆಯದೂ ಹಾಗೇ. ಹುಲಗಪ್ಪ ಗಾಬರಿಯಾಗಿ, "ಯಜಮಾನ್ರ, ಹುರಿ ಬೆಳ್ಳಗ ಆಗಿಬಿಟ್ರ?" ಎಂದ.

"ಹೋಗೋದು ಹೋಗಲಿ ಬಿಡೋ. ಅದು ನಮ್ಮದಲ್ಲ" ಎಂದ ಯಂಕೋಬ. ಯಶೋಧಾ ಮೂರನೆಯ ನೀರು ತುಂಬಿಸಿದಳು.

ಆರನೆಯ ನೀರು ತಿಳಿಯಾಯಿತು. ಪಾತ್ರೆಯ ತಳದಲ್ಲಿ ಹುರಿ ಇನ್ನೂ ಕೆಂಪಾಗಿಯೇ ಇತ್ತು. ಕೆಂಡದ ಕೆಂಪು ಹೋಗಿ ಹಳೆಯ ಇಟ್ಟಿಗೆಯ, ತೋಯ್ದ ಮಣ್ಣಿನ ಕೆಂಪು ಉಳಿದಿತ್ತು. ಕ್ಷೌರದಂಗಡಿಯವರು ಗಡ್ಡ ತೆಗೆದ ಮೇಲೆ ಉಜ್ಜುತ್ತಾರಲ್ಲ, ಆ ಪಟಿಕವನ್ನೇ ಕುಟ್ಟಿ ನೀರಿಗೆ ಹಾಕಿ ನೆನೆಯಿಟ್ಟರು. ಎರಡನೆಯ ದಿನ ಗೋದಾಮಿನ ನೆರಳಲ್ಲಿ, ಅಕ್ಕಿ ಮೂಟೆಗಳ ಮೇಲೆ ಕಟ್ಟಿದ ಹಗ್ಗದಲ್ಲಿ ಹುರಿಗಳು ಒಣಗಿದವು. ಸಂಜೆ ಯಂಕೋಬ ಒಂದು ಎಳೆ ತೆಗೆದು, ತನ್ನ ತೊಳೆದ ಬಿಳಿ ಧೋತರದ ಚುಂಗನ್ನು ನೀರಲ್ಲಿ ತೋಯಿಸಿ, ಅದರ ಮೇಲೆ ಹುರಿಯನ್ನು ಇಟ್ಟು ಜೋರಾಗಿ ಉಜ್ಜಿದ. ಮತ್ತೆ ಉಜ್ಜಿದ. ಚುಂಗನ್ನು ಬಿಡಿಸಿ ಮಗಳ ಮುಂದೆ ಹಿಡಿದ.

ಬಿಳಿಯಾಗಿತ್ತು. ಒಂದು ಚುಕ್ಕೆಯೂ ಇರಲಿಲ್ಲ.

ಯಶೋಧಾ ಪಕ್ಕದ ಅಕ್ಕಿ ಮೂಟೆಯ ಮೇಲೆ ಕೂತಳು. ಮೂರು ದಿನದಿಂದ ಎದೆಯ ಮೇಲೆ ಕೂತಿದ್ದ ಗುಂಡುಕಲ್ಲು ಒಮ್ಮೆಲೇ ಇಳಿದಂತಾಗಿ ಮೊದಲು ನಗು ಬಂತು, ನಗುವಿನ ನಡುವೆಯೇ ಕಣ್ಣೀರು ಬಂತು. ಹುಲಗಪ್ಪ ಏನೂ ನೋಡದವನಂತೆ ಹೊಟ್ಟು ತಳ್ಳಲು ಹೋದ. ಯಂಕೋಬ, "ಅಳೋದು ಆಮ್ಯಾಲ. ಕವಡಿ ಕೊಡು ಇಲ್ಲಿ" ಎಂದ.

ಮುಂದಿನ ಎರಡು ದಿನ ಇಬ್ಬರೂ ಹಗಲು ರಾತ್ರಿ ಕೂತು ಕಟ್ಟಿದರು. ಯಂಕೋಬ ಹುರಿ ಹೊಸೆದು ಕೊಟ್ಟ, ತುದಿಯ ಕುಣಿಕೆ ಹಾಕಿದ. ನಡುವಿನ ವಿನ್ಯಾಸವೆಲ್ಲ ಯಶೋಧಾಳದು. ಅಷ್ಟು ಸಣ್ಣ ಅಳತೆಗೆ ಅವನ ಬೆರಳು ಒಗ್ಗದೆ ಎರಡು ಬಾರಿ ತಪ್ಪಾಯಿತು. "ಎಷ್ಟು ಸಣ್ಣ ಕೊರಳೇ ಇವು!" ಎಂದು ಗೊಣಗಿದ. ಯಶೋಧಾ ಬಿಚ್ಚಿ ತೋರಿಸಿದಳು, ಅವನು ನೋಡಿ ಮತ್ತೆ ಕಟ್ಟಿದ. ಮಧ್ಯಾಹ್ನ ಶೈಲಶ್ರೀ ಮಜ್ಜಿಗೆ ತಂದಳು. ಹೊಸ ಬಣ್ಣ ನೋಡಿ ಏನೆನ್ನುತ್ತಾಳೋ ಎಂದುಕೊಳ್ಳುತ್ತಲೇ ಯಶೋಧಾ ಒಂದು ಸರವನ್ನು ಅವಳ ಕೈಗಿತ್ತಳು. ಹುಡುಗಿ ಸರವನ್ನು ಸೀರೆಯ ಅಂಚಿಗೆ ಹಚ್ಚಿ ನೋಡಿ, "ಮೊದಲಿಂದು ಕಣ್ಣಿಗಿ ಹೊಡೀತಿತ್ತು ಅಕ್ಕ. ಹೇಳಾಕ ಸಂಕೋಚ ಆಗಿತ್ತು. ಇದು ಭಾಳ ಛಲೋ ಅದ" ಎಂದಳು.

ಮದುವೆಯ ದಿನ ಅಕ್ಷತೆಗೆ ಇನ್ನೂ ಅರ್ಧ ತಾಸು ಇರುವಾಗ ಕರೆಂಟ್ ಹೋಯಿತು. ಕೂಲರ್‌ಗಳು ಗೊರಗೊರ ಎಂದು ನಿಂತವು. ಜನರೇಟರ್ ಶುರುವಾಗಲು ಹಟ ಮಾಡಿತು. ಮಂಟಪದಲ್ಲಿ ಮೂವತ್ತು ಹಾಲುಬಣ್ಣದ ಸೀರೆಗಳು, ಬೀಸುವ ಲಗ್ನಪತ್ರಿಕೆಗಳು, ಧಾರಾಕಾರ ಬೆವರು. ಅಕ್ಷತೆ ಬಿದ್ದ ಮೇಲೂ ಯಶೋಧಾ ಊಟದ ಎಲೆಯ ಕಡೆ ಹೋಗದೆ ಹೆಂಗಸರ ನಡುವೆ ಸುತ್ತುತ್ತ ಒಬ್ಬೊಬ್ಬರ ಕೊರಳನ್ನೂ ಇಣುಕಿದಳು. ಒಬ್ಬ ಅಜ್ಜಿಯಂತೂ ಸರವನ್ನು ಎತ್ತಿ ಸೆರಗಿನಿಂದಲೇ ಕೊರಳ ಬೆವರು ಒರೆಸಿಕೊಂಡಳು. ಯಶೋಧಾ ಆ ಸೆರಗನ್ನೇ ನೋಡಿದಳು. ಹಾಲಿನಂತೆ ಇತ್ತು.

ಹಿಂದಿನಿಂದ ಶಿವಬಸಮ್ಮ ಬಂದು ಭುಜದ ಮೇಲೆ ಕೈಯಿಟ್ಟರು.

"ಎಷ್ಟು ಕುತ್ತಿಗಿ ನೋಡ್ತೀಯವ್ವ? ನಿಮ್ಮಪ್ಪ ಆಗಲೇ ಎರಡನೇ ಹೋಳಿಗಿ ತಿನ್ನಾಕತ್ಯಾನ. ನಡಿ, ಉಣ್ಣು."

ಅವತ್ತು ಯಶೋಧಾ ಹೊಟ್ಟೆ ತುಂಬ ಉಂಡಳು. ಎಷ್ಟೋ ದಿನಗಳಾಗಿತ್ತು ಅನ್ನದ ರುಚಿ ಹತ್ತಿ. ಮರಳುವಾಗ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದ್ದೇ ತಡ, ಕಲ್ಲೂರು ಯಾವಾಗ ದಾಟಿತೋ ತಿಳಿಯದಷ್ಟು ನಿದ್ದೆ.

ಈಗ ಅವಳ ಕೆಲಸ ಎರಡು ಊರಲ್ಲಿ ನಡೆಯುತ್ತದೆ. ಹುರಿ, ಬಣ್ಣ ಮಸರಕಲ್ಲಿನಲ್ಲಿ, ಯಂಕೋಬನ ಉಸ್ತುವಾರಿಯಲ್ಲಿ. ಅರಕೇರಾದಿಂದ ಇಬ್ಬರು ಹೆಣ್ಣುಮಕ್ಕಳು ಬರುತ್ತಾರೆ. ಮೊದಲು ಸುಗ್ಗಿ ಮುಗಿದೊಡನೆ ಕೂಲಿಗೆಂದು ಪರವೂರಿಗೆ ಹೋಗುತ್ತಿದ್ದವರು, ಈ ವರ್ಷ ಹೋಗಲಿಲ್ಲ. ಅವರಿಗೆ ಯಂಕೋಬನೇ ಕೂತು ಕಲಿಸುತ್ತಾನೆ. ಕಟ್ಟುವುದು ರಾಯಚೂರಿನಲ್ಲಿ, ನಿಗಾರಳ ಅಂಗಡಿಯ ಮೇಲಿನ ಕೋಣೆಯಲ್ಲಿ. ಹೊಸ ಹುರಿ ಯಾವುದೇ ಬರಲಿ, ಒಂದು ರಾತ್ರಿ ಬಿಳಿ ಬಟ್ಟೆಯಲ್ಲಿ ಸುತ್ತಿ ನೀರಲ್ಲಿ ನೆನೆದ ಮೇಲೆಯೇ ಕೆಲಸಕ್ಕೆ ಹತ್ತುತ್ತದೆ. ಕಳೆದ ತಿಂಗಳು ಕಲಬುರಗಿಯ ಕೈಕಸುಬಿನ ಪ್ರದರ್ಶನಕ್ಕೆ ಹೋಗಿ ಬಂದಳು. ಯಾರ ಹತ್ತಿರ ಕಲಿತಿರಿ ಎಂದು ಯಾರೋ ಮೈಕ್ ಹಿಡಿದು ಕೇಳಿದರಂತೆ. "ಬಿಚ್ಚಿ ಬಿಚ್ಚಿ ಕಲತೆ ನೋಡ್ರಿ" ಎಂದಳಂತೆ.

ಮೊನ್ನೆ ಅವಳಿಗೆ ನೀಲಿ ಬೇಕೆನಿಸಿತು. ಫೋನಿನಲ್ಲಿ ಹೇಳಿದಳು.

"ನೀಲಿ ಯಾಕ?" ಎಂದ ಯಂಕೋಬ. "ನಮ್ಮ ಮನಿತನದಾಗ ಯಾರೂ ನೀಲಿ ಹಾಕಿಲ್ಲ."

"ಹುಡುಗ್ಯಾರು ಜೀನ್ಸ್ ಪ್ಯಾಂಟಿನ ಮ್ಯಾಲ ಹಾಕ್ಕೊಂತಾರ ಯಪ್ಪಾ. ಅದಕ್ಕ ಒಪ್ಪಬೇಕು."

ಆ ಕಡೆಯಿಂದ ಇನ್ನೊಂದು ಪ್ರಶ್ನೆ ಬಂತು.

"ಎಂಥ ನೀಲಿ? ಮುಗಿಲಿಂದೋ, ಅವರೆ ಹೂವಿಂದೋ?"

"ನೀ ಎರಡೂ ಹಾಕಿ ಇಡು. ಐತವಾರ ಬಂದು ನೋಡ್ತೀನಿ" ಎಂದಳು ಯಶೋಧಾ, ಕವಡೆಗಳನ್ನು ಮಡಿಲಿಗೆ ಸುರುವಿಕೊಳ್ಳುತ್ತಾ.